ಕಂಬ ಹಿಡಿದು ನಿಂತವಳು

ಅವ್ವ ನನಗೆ ಹೊಡೆದದ್ದು ಜನ್ಮದಲ್ಲಿ ಒಂದೇ ಸಲ. ನನಗಾಗ ಆರು ವರ್ಷ. ಹಿರಿಯರ ಹಬ್ಬದ ಮಾರನೇ ದಿನ ಹಿತ್ತಲಲ್ಲಿ ಎಡೆ ಇಡುವ ಆಟ ಆಡುತ್ತಿದ್ದೆ. ಮುತ್ತುಗದ ಎಲೆ ಸಾಲಾಗಿ ಹಾಸಿ, ಮಣ್ಣಿನ ಅನ್ನ ಬಡಿಸಿ, ಮನೆಯಲ್ಲಿ ಸತ್ತವರದೆಲ್ಲ ಮುಗಿದ ಮೇಲೆ ಒಂದು ಎಲೆ ಉಳಿಯಿತು. ಸುಮ್ಮನೆ ಯಾಕೆ ಬಿಡುವುದು ಎಂದು ಅದನ್ನು ಅವ್ವನ ಹೆಸರಿಗೆ ಹಾಕಿ, ದೊಡ್ಡವರು ಮಾಡುವ ಹಾಗೆ ಚೊಂಬಿನಿಂದ ನೀರು ಬಿಟ್ಟೆ. ಅವ್ವ ಬೆನ್ನ ಹಿಂದೆ ಯಾವಾಗ ಬಂದಿದ್ದಳೋ, ಫಳೀರನೆ ಕೆನ್ನೆಗೆ ಬಿತ್ತು.

“ಬದುಕಿರೋರ ಹೆಸರಲ್ಲಿ ನೀರು ಬಿಡ್ತಾರೇನೇ, ಹುಚ್ಚಿ! ಆಯುಸ್ಸು ಹೋಗ್ತೈತಿ!” ಎಂದವಳೇ ಎಲೆಯನ್ನು ಮುದುಡಿ ತಿಪ್ಪೆಗೆ ಎಸೆದಳು. ಆಮೇಲೆ ನನ್ನನ್ನು ತಬ್ಬಿಕೊಂಡು ತಾನೇ ಅತ್ತಳು. ಅಷ್ಟು ಸಣ್ಣದಕ್ಕೆ ಇಷ್ಟು ರಂಪವೇ ಎಂದು ನನಗೆ ಸಿಟ್ಟು ಬಂದಿತ್ತು. ನಾನು ಹುಟ್ಟಾ ಸಿಟ್ಟಿನವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಆದದ್ದರಲ್ಲಿ ಅದರ ಪಾಲೂ ಇದೆ.

ಅವ್ವನಿಗೆ ಎಡೆ ಅಂದರೆ ಆಟವಲ್ಲ. ಮಹಾಲಯ ಅಮಾವಾಸ್ಯೆಯ ದಿನ ಅಪ್ಪನ ಕಡೆಯ ಹಿರಿಯರಿಗೆಲ್ಲ ದೊಡ್ಡ ಎಲೆ ಹಾಕಿ ಮುಗಿದ ಮೇಲೆ ಪಕ್ಕದಲ್ಲಿ ಒಂದು ಸಣ್ಣ ಎಲೆ ಹಾಕುತ್ತಿದ್ದಳು. ಅದು ಅವಳನ್ನು ಹೆತ್ತವಳಿಗೆ. ಸೊಸೆಯಾದವಳು ಗಂಡನ ಮನೆಯಲ್ಲಿ ತವರಿನವರಿಗೆ ಎಲೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪನ ತಾಯಿ ಇರುವಷ್ಟು ದಿನವೂ ಗೊಣಗಿದಳು, ಅವ್ವ ಮಾತ್ರ ಬಿಡಲಿಲ್ಲ. ಎರಡು ವರ್ಷದವಳಿದ್ದಾಗ ತಾಯಿ ತೀರಿಕೊಂಡಳಂತೆ. ಆ ತಾಯಿಯ ಮುಖ ಗೊತ್ತಿಲ್ಲ, ತೀರಿಕೊಂಡ ತಿಥಿಯೂ ಗೊತ್ತಿಲ್ಲ. ತಿಥಿ ಗೊತ್ತಿಲ್ಲದವರಿಗೆಲ್ಲ ಅಮಾವಾಸ್ಯೆಯೇ ಗತಿ.

ಅವ್ವ ಬೆಳೆದದ್ದು ತಾಳಗುಂದದಲ್ಲಿ, ಮಲತಾಯಿಯ ಕೈಯಲ್ಲಿ. ಅವ್ವನಿಗೆ ಅವಳು ಚಿಕ್ಕವ್ವ, ನಮಗೆ ಅಜ್ಜಿ. ನಮ್ಮ ಕಡೆ ಎರಡನೇ ಸಂಬಂಧಕ್ಕೆ ಬಂದವಳ ಕೊರಳಿಗೆ ತಾಳಿಯ ಕೆಳಗೆ ಇನ್ನೊಂದು ಸಣ್ಣ ಚಿನ್ನದ ಬಿಲ್ಲೆ ಕಟ್ಟುತ್ತಾರೆ. ಸವತಿ ಬಿಲ್ಲೆ ಅಂತಾರೆ. ಸತ್ತ ಮೊದಲನೇ ಹೆಂಡತಿ ಬಂದು ಕಾಡದಿರಲಿ ಎಂದು ಅವಳನ್ನು ಬಿಲ್ಲೆಯಲ್ಲಿ ನೆಲೆ ಮಾಡಿ, ಎರಡನೆಯವಳು ಹೊತ್ತುಕೊಂಡು ತಿರುಗಬೇಕು. ಅದರ ಮೇಲೆ ಕಡ್ಡಿಯಷ್ಟು ದಪ್ಪದ ಒಂದು ಹೆಣ್ಣಿನ ರೂಪ ಇರುತ್ತಿತ್ತು. ಕಣ್ಣಿಲ್ಲ, ಮೂಗಿಲ್ಲ. ಹಬ್ಬ ಬಂದರೆ ಅಜ್ಜಿ ಬಗ್ಗಿ, “ನಿಮ್ಮವ್ವ ಇಲ್ಲೇ ಇದಾಳೆ, ಕುಂಕುಮ ಹಚ್ಚು” ಎಂದು ಅವ್ವನ ಕೈಯಲ್ಲಿ ಬಿಲ್ಲೆಗೆ ಕುಂಕುಮ ಹಚ್ಚಿಸುತ್ತಿದ್ದಳಂತೆ. ಎಡೆಗೆ ನೀರು ಬಿಡುವುದನ್ನು ಕಲಿಸಿದವಳೂ ಅವಳೇ. ಆಗ ಅವ್ವನಿಗೆ ಐದೋ ಆರೋ ವರ್ಷ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಶಿಕಾರಿಪುರದಲ್ಲಿ ಪ್ರೈಮರಿ ಶಾಲೆಯ ಟೀಚರು, ಊರಿನವರ ಬಾಯಲ್ಲಿ ಅಕ್ಕೋರು. ಅಪ್ಪ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಅವ್ವ ನನ್ನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಆ ಕಾಲಕ್ಕೆ ಊರಿಗೆ ಒಂದು ಫೋಟೋ ಸ್ಟುಡಿಯೋ ಬಂದಿತ್ತು. ಹಳೇ ಫೋಟೋ ಕೊಟ್ಟರೆ ದೊಡ್ಡದು ಮಾಡಿ, ಕೆನ್ನೆಗೆ ಬಣ್ಣ ಹಚ್ಚಿ, ಕಟ್ಟು ಹಾಕಿ ಕೊಡುತ್ತಿದ್ದರು. ಎಡೆಯ ಮುಂದೆ ಸತ್ತವರ ಫೋಟೋ ಇಡುವುದು ಅಲ್ಲಿಂದ ಮನೆ ಮನೆಗೂ ಹಬ್ಬಿತು. ಅಪ್ಪನದು ಇದ್ದದ್ದು ಒಂದೇ ಫೋಟೋ, ಅವನ ಮದುವೆಯದು. ತಾಳಗುಂದದಲ್ಲಿ ಮದುವೆ ಮನೆಯ ಚಪ್ಪರದ ಕೆಳಗೆ ಎರಡೂ ಕಡೆಯವರು ಬಿರುಗಣ್ಣು ಬಿಟ್ಟುಕೊಂಡು ನಿಂತದ್ದು. ಇಪ್ಪತ್ತಾರು ವರ್ಷದಿಂದ ನಮ್ಮ ಗೋಡೆಯ ಮೇಲಿತ್ತು. ಅದನ್ನು ಮೊಳೆಯಿಂದ ಇಳಿಸುವಾಗ ಅವ್ವ ಅಂದಳು:

“ಎಲ್ಲರ ಎಲೆಗೂ ಒಂದು ಮುಖ ಸಿಕ್ತು. ನಮ್ಮವ್ವಗೆ ಮುಖ ಇಲ್ಲ, ತಿಥಿನೂ ಇಲ್ಲ. ಮುಖ ಎಲ್ಲಿಂದ ತರ್ತೀಯ ಬಿಡು. ತಿಥಿ ಒಂದು ಹುಡುಕಿ ಕೊಡೇ. ಓದಿದೋಳಲ್ವಾ ನೀನು.”

ಏನನ್ನೂ ಕೇಳಿದವಳಲ್ಲ ಅವಳು. ಕೇಳಿದ್ದು ಅದೊಂದೇ. ಆಗಲಿ ಅಂದೆ.

ಸ್ಟುಡಿಯೋದವನು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ. “ಅಕ್ಕೋರೇ, ಈ ಬಲಗಡೆ ಅಂಚು ನೀರು ಕುಡಿದು ಕೆಟ್ಟೈತಿ. ಇಷ್ಟಗಲ ಕತ್ತರಿಸಿದ್ರೆ ದೊಡ್ಡದು ಚೆನ್ನಾಗಿ ಬರ್ತೈತಿ. ಆದ್ರೆ ಇಲ್ಲೊಬ್ರು ಹೆಣ್ಣುಮಗಳು ನಿಂತಿದಾರಲ್ರೀ, ಯಾರಿವರು?”

ಚಪ್ಪರದ ಕೊನೆಯ ಕಂಬ ಹಿಡಿದುಕೊಂಡು, ತಲೆ ತುಂಬ ಸೆರಗು ಹೊದ್ದು, ಒಬ್ಬ ಹೆಂಗಸು ನಿಂತಿದ್ದಳು. ಸಣ್ಣವಳಿದ್ದಾಗ ಅವ್ವನನ್ನು ನಾನೂ ಕೇಳಿದ್ದೆ. “ಯಾರೋ, ಊಟಕ್ಕೆ ಬಂದೋಳಿರಬೇಕು” ಅಂದಿದ್ದಳು. ಅದನ್ನೇ ಅವನಿಗೆ ಹೇಳಿದೆ.

“ನೋಡ್ರೀ ಮತ್ತೆ. ಕತ್ತರಿಸಿದ ಮೇಲೆ ಅಂಟಿಸಾಕೆ ಬರಲ್ಲ,” ಅಂದ. ಪಾಪ, ಜವಾಬ್ದಾರಿಯ ಮನುಷ್ಯ.

“ಕತ್ತರಿಸ್ರೀ ಸುಮ್ನೆ. ನಂಗೆ ಶಾಲೆಗೆ ಹೊತ್ತಾಗ್ತದೆ,” ಅಂದೆ.

ನನ್ನ ಕಣ್ಣೆದುರೇ ಕತ್ತರಿ ಆಡಿಸಿದ. ಮೂರು ಬೆರಳಗಲದ ಪಟ್ಟಿ ಮೇಜಿನ ಕೆಳಗೆ ಬಿತ್ತು. ಕಂಬ ಹಿಡಿದ ಆ ಕೈ ಮಾತ್ರ ಬೆಳ್ಳಗೆ ಕಂಡಿತ್ತು. ಫೋಟೋ ಬಣ್ಣ ಬಿಟ್ಟಿದೆ ಅಂದುಕೊಂಡೆ.

ತಿಥಿ ಕೇಳಲು ಮೊದಲು ತಾಳಗುಂದಕ್ಕೆ ಹೋದೆ. ಅಜ್ಜ ಸತ್ತು ಎಷ್ಟೋ ವರ್ಷವಾಗಿತ್ತು. ಅಜ್ಜಿಗೆ ಆಗ ಐವತ್ತೈದರ ಸುಮಾರು. ಮೊರದಲ್ಲಿ ಭತ್ತ ಕೇರುತ್ತಾ ಕೂತಿದ್ದವಳು ನನ್ನ ಪ್ರಶ್ನೆ ಕೇಳಿ ತಲೆ ಎತ್ತಲಿಲ್ಲ.

“ಸತ್ತೋರ ತಿಥಿ ತಗೊಂಡು ಏನು ಮಾಡ್ತೀಯೇ? ಅಮಾಸಿ ದಿನ ಇಡೋದು ಮುಟ್ಟಲ್ವೇನು ಅವರಿಗೆ?”

“ಗೊತ್ತಿದ್ರೆ ಹೇಳಜ್ಜಿ.”

“ತವರಿಗೆ ಹೋದಾಗ ಸತ್ಲು. ಕುಪ್ಪಗಡ್ಡೆ ಹತ್ರ. ಅಲ್ಲಿ ಅವಳ ಪೈಕಿ ಯಾರೂ ಉಳಿದಿಲ್ಲ. ಹೋಗಿ ಸುಮ್ನೆ ಕಾಲು ಸವೆಸಬೇಡ.”

ಹೋಗಬೇಡ ಅಂದರೆ ನಾನು ಹೋಗುವವಳೇ. ತಾಳಗುಂದದಲ್ಲಿ ಒಂದು ಕಲ್ಲಿನ ಕಂಬ ಇದೆ. ಅದರ ತುಂಬ ಅರಸರ ವಂಶಾವಳಿ, ಯಾರ ಮಗ ಯಾರು, ಯಾರು ಯಾರನ್ನು ಗೆದ್ದರು ಎಂದು ಕೊರೆದಿದ್ದಾರೆ. ಸಾವಿರದೈನೂರು ವರ್ಷದ ಹಿಂದಿನ ಗಂಡಸರ ಲೆಕ್ಕ ಕಲ್ಲಿನ ಮೇಲೆ ಭದ್ರವಾಗಿದೆ. ನಲವತ್ತು ವರ್ಷದ ಹಿಂದೆ ಅದೇ ಊರಿನಲ್ಲಿ ಮಗು ಹೆತ್ತ ಹೆಂಗಸು ಯಾವ ದಿನ ಸತ್ತಳು ಎಂದು ಕೇಳಿದರೆ ಹೇಳುವವರಿಲ್ಲ. ಮೈ ಉರಿಯಿತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಸೊರಬದ ಬಸ್ಸು ಹತ್ತಿದೆ. ಅಲ್ಲಿಂದ ಗಾಡಿ ಹಿಡಿದು ಕುಪ್ಪಗಡ್ಡೆ ದಾಟಿ ಆ ಹಳ್ಳಿ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಆಗೆಲ್ಲ ಊರಿನ ಜನನ ಮರಣದ ಪುಸ್ತಕ, ಜಮೀನಿನ ಪಹಣಿ, ಖಾತೆ ಎಲ್ಲಾ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಶಾನುಭೋಗರು ಒಳ್ಳೆಯವರು. “ಟೀಚರಮ್ಮ ಅಷ್ಟು ದೂರದಿಂದ ಬಂದೀರಿ, ನೋಡಿಕೊಳ್ಳಿ. ಹಾಳೆ ಮಾತ್ರ ಮೆಲ್ಲ ತಿರುಗಿಸಿ, ಹುಡಿ ಆಗ್ತವೆ” ಎಂದು ಪುಸ್ತಕಗಳನ್ನು ಜಗಲಿಗೆ ತಂದಿಟ್ಟರು.

ಅವ್ವ ಹುಟ್ಟಿದ ವರ್ಷದಿಂದ ಹಿಡಿದೆ. ಅಜ್ಜ ಎರಡನೇ ಮದುವೆಯಾದಾಗ ಅವ್ವನಿಗೆ ಮೂರು. ಅಂದರೆ ಆ ಮೂರು ವರ್ಷದೊಳಗೆ ಹೆಸರು ಸಿಗಲೇಬೇಕು. ಸಿಗಲಿಲ್ಲ. ಇನ್ನೊಮ್ಮೆ ಸಾಲು ಸಾಲಿಗೂ ಬೆರಳಿಟ್ಟು ನೋಡಿದೆ. ಜ್ವರ, ವಾಂತಿಭೇದಿ, ಹಾವು ಕಚ್ಚಿ, ಬಾಣಂತಿಯಾಗಿ. ಊರಿನವರೆಲ್ಲ ಸತ್ತಿದ್ದರು, ನಮ್ಮವಳೊಬ್ಬಳು ಸತ್ತಿರಲಿಲ್ಲ.

“ಬರೆಸದೇ ಬಿಟ್ಟಿರ್ತಾರೆ ಟೀಚರಮ್ಮ. ಹೆಣ್ಣುಮಕ್ಕಳದು ಯಾರು ಬಂದು ಬರೆಸ್ತಾರೆ?” ಅಂದರು ಶಾನುಭೋಗರು.

ಸಾಕು ಎಂದು ಎದ್ದು ಬರಬಹುದಿತ್ತು. ನನ್ನ ಹಟ. ಮುಂದಿನ ಪುಸ್ತಕ ತೆಗೆದೆ, ಅದರ ಮುಂದಿನದೂ ತೆಗೆದೆ. ಕತ್ತಲಾಗುವ ಹೊತ್ತಿಗೆ ಸಿಕ್ಕಿತು. ಅವಳ ಹೆಸರು, ಅವಳ ಅಪ್ಪನ ಹೆಸರು, ‘ತಾಳಗುಂದದ ಇಂಥವರ ಹೆಂಡತಿ’ ಎಂದು ನಮ್ಮ ಅಜ್ಜನ ಹೆಸರು. ಕಾರಣ ಜ್ವರ. ಮೇಲೆ ಬರೆದಿದ್ದ ವರ್ಷ ನೋಡಿ ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಅದು ನಾನು ಹುಟ್ಟಿದ ವರ್ಷ.

ಅವ್ವನಿಗೆ ಆಗ ಹತ್ತೊಂಬತ್ತು. ಮದುವೆಯಾಗಿ ಮೂರು ವರ್ಷ ಕಳೆದಿತ್ತು. ಅಷ್ಟು ಕಾಲವೂ ಇವಳು ಬದುಕಿದ್ದಳು!

“ಶಾನುಭೋಗ್ರೇ, ಇದು ತಪ್ಪು ಬರೆದಿರಬೇಕು,” ಅಂದೆ.

ಅವರು ಬಗ್ಗಿ ಓದುವುದಕ್ಕೆ ಮೊದಲೇ ಒಳಗಿನಿಂದ ಅವರ ವಯಸ್ಸಾದ ತಾಯಿ ಬಾಗಿಲಿಗೆ ಬಂದರು. “ಯಾರನ್ನ ಹುಡುಕ್ತಿರೋದು ಈ ಹುಡುಗಿ? ತೊನ್ನಿನವಳನ್ನಾ?”

ಆ ಅಮ್ಮ ನನ್ನ ಪಕ್ಕ ಕೂತು ಹೇಳಿದ್ದನ್ನು ಇಷ್ಟು ವರ್ಷ ಕಳೆದರೂ ಒಂದು ಮಾತು ಮರೆತಿಲ್ಲ. ಹೆರಿಗೆಯಾದ ಮೇಲೆ ಅವಳ ತುಟಿಯ ಹತ್ತಿರ ಒಂದು ಬಿಳಿ ಮಚ್ಚೆ ಎದ್ದಿತಂತೆ. ಆಮೇಲೆ ಬಲಗೈ ಪೂರ್ತಿ ಬೆಳ್ಳಗಾಯಿತಂತೆ.

“ಬರೀ ತೊನ್ನು ಮಾರಾಯ್ತಿ. ಅಂಟೂದಿಲ್ಲ, ಕೊಲ್ಲೂದಿಲ್ಲ. ನೋವೂ ಇಲ್ಲ. ಆದ್ರೆ ಗಂಡನ ಮನೆಯವ್ರು ಹೆದರಿದ್ರು. ತೊನ್ನಿನವಳ ಮಗಳು ಅಂದ್ರೆ ನಾಳೆ ಯಾರು ಮಾಡ್ಕೊಳ್ತಾರೆ ಅಂದ್ರು. ಇಲ್ಲಿ ತಂದು ಬಿಟ್ಟು, ಅಲ್ಲಿ ಹೋಗಿ ಸತ್ಲು ಅಂತ ಹೇಳಿದ್ರು.”

“ಇವಳು ಸುಮ್ನಿದ್ಲಾ?”

“ಇವಳೇ ಒಪ್ಪಿದ್ದು. ‘ನನ್ನ ಮಗಳು ನೆಲೆ ಹತ್ಲಿ, ನಾ ಸತ್ತೆ ಅಂತಲೇ ಹೇಳಿ’ ಅಂದ್ಲಂತೆ. ಅಣ್ಣನ ಮನೆ ಹಿಂದಿನ ಕೋಣೇಲಿ ಹದಿನೇಳು ವರ್ಷ ಇದ್ಲು. ಮಗಳ ಮದುವೆ ಸುದ್ದಿ ಹೇಗೋ ಗೊತ್ತಾಯ್ತು. ನಾ ಹೋಗಬೇಡ ಅಂದೆ, ಕೇಳ್ಳಿಲ್ಲ. ಗಾಡಿ ಹತ್ತಿ ಹೋದ್ಲು. ಯಾರೂ ಗುರುತು ಹಿಡೀಲಿಲ್ಲ. ಕಡೇ ಪಂಕ್ತೀಲಿ ಉಂಡು, ಚಪ್ಪರದ ಕಂಬ ಹಿಡ್ಕಂಡು ನಿಂತಿದ್ಲಂತೆ. ಫೋಟೋದವ ಯಾರೂ ಅಲ್ಲಾಡಬೇಡಿ ಅಂದ್ನಂತೆ. ಇವಳೂ ಅಲ್ಲಾಡ್ಲಿಲ್ಲ. ‘ನಾನೂ ನನ್ನ ಮಗಳ ಜೊತೆ ಫೋಟೋದಲ್ಲಿ ಬಂದೀನಿ ಕಣೇ’ ಅಂತ ಸಾಯೋ ತನಕ ಹೇಳ್ತಿದ್ಲು.” ಆಮೇಲೆ ನನ್ನ ಮಂಡಿ ಮುಟ್ಟಿ ಕೇಳಿದರು: “ಆ ಫೋಟೋ ಇದ್ಯನೇ ಇನ್ನೂ?”

“ಇದೆ,” ಅಂದೆ.

ನನ್ನ ಬಾಯಿಗೆ ಮಣ್ಣು ಹಾಕ. ಇದೆ ಅಂದೆ.

ರಾತ್ರಿ ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಶಾನುಭೋಗರು ಹಳೇ ಪಂಚಾಂಗದ ಕಟ್ಟು ಬಿಚ್ಚಿ ತಾರೀಖಿಗೆ ತಿಥಿ ಕೂಡಿಸಿ ಚೀಟಿಯಲ್ಲಿ ಬರೆದುಕೊಟ್ಟರು: ಕಾರ್ತೀಕ ಬಹುಳ ಪಂಚಮಿ. ಅವ್ವ ಕೇಳಿದ್ದು ಅದು. ಮಡಿಸಿ ಚೀಲದಲ್ಲಿಟ್ಟುಕೊಂಡೆ. ಶಿರಾಳಕೊಪ್ಪದಲ್ಲಿ ಬಸ್ಸು ಇಳಿದು, ಬಿರಬಿರನೆ ತಾಳಗುಂದಕ್ಕೆ ನಡೆದೆ. ಯಾರ ಮೇಲಾದರೂ ಕೂಗಾಡದಿದ್ದರೆ ಎದೆ ಒಡೆಯುತ್ತದೆ ಅನ್ನಿಸುತ್ತಿತ್ತು.

“ಬದುಕಿದ್ದೋಳನ್ನ ಕೊರಳಿಗೆ ಕಟ್ಕೊಂಡು ತಿರುಗಿದೆಯಲ್ಲಜ್ಜಿ, ನಾಚಿಕೆ ಆಗ್ಲಿಲ್ವಾ?” ಅಂದೆ, ಹೊಸ್ತಿಲು ದಾಟುವ ಮೊದಲೇ.

ಅವಳು ಕೇರುತ್ತಿದ್ದ ಮೊರ ಕೆಳಗಿಟ್ಟಳು. ಆಮೇಲೆ ಅಂದಳು: “ಕಟ್ಟಿದಾಗ ನಂಗೆ ಹದಿನಾಲ್ಕು. ಸತ್ತಾಳೆ ಅಂದ್ರು, ಕಟ್ಟಿಸಿಕೊಂಡೆ. ಎರಡು ವರ್ಷ ಆದ ಮೇಲೆ ಗೊತ್ತಾತು.”

“ಗೊತ್ತಾದ ಮೇಲೆ ತೆಗೆದು ಬಿಸಾಕಬೇಕಿತ್ತು!”

“ತೆಗೆದಿದ್ರೆ ಊರಿಗೆ ಗೊತ್ತಾಗ್ತಿತ್ತು. ಅವಳು ಬರ್ತಿದ್ಲು. ಆಮೇಲೆ ನಾನೆಲ್ಲಿಗೆ ಹೋಗ್ಲೇ?”

“ಸರಿ. ಆ ಕೂಸಿನ ಕೈಯಲ್ಲಿ ನೀರು ಯಾಕೆ ಬಿಡಿಸಿದೆ?”

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ನನಗಿಂತ ಸಣ್ಣ ವಯಸ್ಸಿನಲ್ಲಿ ಅವಳನ್ನು ಆ ಬಿಲ್ಲೆಯೊಳಗೆ ಸಿಕ್ಕಿಸಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಈಗಲೂ ಪೂರ್ತಿ ಕ್ಷಮಿಸಲು ನನ್ನಿಂದಾಗಿಲ್ಲ.

ಶಿಕಾರಿಪುರಕ್ಕೆ ಬಂದವಳು ಮನೆಗೆ ಹೋಗದೆ ಸ್ಟುಡಿಯೋಗೆ ಓಡಿದೆ. ಮೇಜಿನ ಕೆಳಗೆ ಮಂಡಿಯೂರಿ ಹುಡುಕಿದೆ. ಅವನು ಗಾಬರಿಯಾದ. “ದಿನಾ ಗುಡಿಸಿ ನೀರೊಲೆಗೆ ಹಾಕ್ತೀವ್ರೀ ಅಕ್ಕೋರೇ. ಹತ್ತು ದಿನ ಆತಲ್ರೀ.” ದೊಡ್ಡದು ಮಾಡಲು ಕ್ಯಾಮರಾದಲ್ಲಿ ಹಿಡಿದಿದ್ದಾರಲ್ಲ, ಅದರಲ್ಲಿ ಇರಬಹುದೇ ಎಂದು ಕೇಳಿದೆ. “ಕತ್ತರಿಸಿದ ಮೇಲೇ ಹಿಡಿದದ್ರೀ. ನಾ ಅವತ್ತೇ ಕೇಳಿದ್ನಲ್ರೀ, ಯಾರಿವರು ಅಂತ,” ಅಂದ.

ಹೌದು, ಕೇಳಿದ್ದ. ಕತ್ತರಿಸುವ ಹೊತ್ತಿಗೆ ಅವನೊಬ್ಬನೇ ಕೇಳಿದ್ದು.

ಮನೆಯಲ್ಲಿ ಅವ್ವ ಹೊಸ ಕಟ್ಟಿನ ಫೋಟೋ ಒರೆಸುತ್ತಾ ಕೂತಿದ್ದಳು. ಅಪ್ಪನ ಕೆನ್ನೆಗೆ ಗುಲಾಬಿ ಬಣ್ಣ ಹಚ್ಚಿದ್ದರು. ತಿಥಿ ಮಾತ್ರ ಹೇಳಿ ಸುಮ್ಮನಾಗಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದೆ. ಚೀಟಿ ಓದಿ ಹೇಳಿದೆ. ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಓದಲು ಬರುತ್ತಿರಲಿಲ್ಲ ಅವಳಿಗೆ.

“ಎಷ್ಟು ದೊಡ್ಡ ಕೆಲಸ ಮಾಡಿದ್ಯೇ! ಈ ಸಲ ಚಿಕ್ಕವ್ವಗೆ ಒಂದು ಸೀರೆ ಕೊಡ್ಬೇಕು. ಅವಳಿಲ್ದಿದ್ರೆ ನಮ್ಮವ್ವನ ಹೆಸರಲ್ಲಿ ಒಂದು ತೊಟ್ಟು ನೀರು ಬಿಡಾಕೆ ನಂಗ್ಯಾರು ಕಲಿಸ್ತಿದ್ರು?”

ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು. ಆ ಅಜ್ಜಿಗೆ ಸೀರೆಯೇ ಎಂದು ರೇಗಿಹೋಯಿತು. ಬಾಯಿಗೆ ಬಂದದ್ದೆಲ್ಲ ಹೇಳಿದೆ. ತೊನ್ನು, ಬಿಲ್ಲೆ, ಹಿಂದಿನ ಕೋಣೆ, ಹದಿನೇಳು ವರ್ಷ, ಕಡೇ ಪಂಕ್ತಿ, ಕಂಬ. ಅಜ್ಜಿಯ ಮೇಲಿನ ಸಿಟ್ಟಿಗೆ ಅವ್ವನ ಎದೆಗೆ ಹೊಡೆಯುತ್ತಿದ್ದೇನೆ ಎಂಬ ಎಚ್ಚರವೂ ಇರಲಿಲ್ಲ. ಕಂಬ ಎಂದ ಮೇಲೆ ನನ್ನ ಬಾಯಿ ತಾನಾಗಿ ನಿಂತಿತು.

ಅವ್ವ ತೊಡೆಯ ಮೇಲಿದ್ದ ಫೋಟೋ ನೋಡಿದಳು. ಬಲಗಡೆಯ ಕಟ್ಟಿನ ಮರದ ಮೇಲೆ ಬೆರಳಾಡಿಸಿದಳು.

“ಇಲ್ಲಿ ಒಬ್ಬಳು ನಿಂತಿದ್ಲಲ್ಲ.”

“ಹೂಂ.”

“ಎಲ್ಲಿ?”

“ಕತ್ತರಿಸಿಬಿಟ್ಟೆ ಅವ್ವ. ನಾನೇ ಹೇಳಿ ಕತ್ತರಿಸಿದೆ.”

ಬೈಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಅಂದುಕೊಂಡೆ. ಅವಳು ಕೇಳಿದ್ದು ಇಷ್ಟೇ: “ನೀನು ನೋಡಿದ್ಯಲ್ಲ, ಕತ್ತರಿಸೋ ಮುಂಚೆ. ಹೇಗಿದ್ಲೇ ನೋಡಾಕೆ? ನನ್ನ ಹಾಗೆ ಇದ್ಲಾ?”

ನಾನು ನೋಡಿದ್ದು ಕೈ ಮಾತ್ರ. ಎಷ್ಟು ಕಣ್ಣು ಮುಚ್ಚಿ ನೆನೆದರೂ ಸೆರಗಿನ ಕೆಳಗೆ ಮುಖ ಬರುತ್ತಿರಲಿಲ್ಲ. “ಗೊತ್ತಿಲ್ಲವ್ವ,” ಅಂದೆ.

“ನಂಗೂ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಕಣ್ಣೆದುರಿಗೇ ಇದ್ಲು. ದಿನಾ ಧೂಳು ಒರೆಸಿದೀನಿ. ಒಂದು ದಿನ ಮುಖ ನೋಡ್ಲಿಲ್ಲ ಕಣೇ.”

ಹದಿನೈದು ದಿನಕ್ಕೆ ಅಮಾವಾಸ್ಯೆ ಬಂತು. ಅವ್ವ ಎಂದಿನಂತೆ ಬೆಳಿಗ್ಗೆಯೇ ಎದ್ದು ಅಡಿಗೆ ಮಾಡಿದಳು. ಅಪ್ಪನ ಎಲೆಗೆ ಬಡಿಸಿ, ಬಣ್ಣದ ಫೋಟೋ ಮುಂದಿಟ್ಟು ನೀರು ಬಿಟ್ಟಳು. ಆಮೇಲೆ ಸಣ್ಣ ಎಲೆಯನ್ನು ಹಾಕಿದಳು. ಅದು ಇರುತ್ತದೋ ಇಲ್ಲವೋ ಎಂದು ನಾನು ಹೆದರಿದ್ದೆ. ಎಲ್ಲವನ್ನೂ ಬಡಿಸಿದಳು. ಚೊಂಬು ಎತ್ತಿಕೊಂಡವಳು ಹಾಗೇ ನಿಂತಳು. ಹಿತ್ತಲಲ್ಲಿ ನನ್ನ ಕೆನ್ನೆಗೆ ಬಿದ್ದ ಏಟು ನನಗೆ ನೆನಪಾಯಿತು. ಅವಳಿಗೂ ನೆನಪಾಗಿತ್ತು ಅಂತ ಕಾಣುತ್ತದೆ, ನನ್ನ ಮುಖವನ್ನೇ ನೋಡುತ್ತಿದ್ದಳು.

“ನೀನು ಬಿಡು,” ಎಂದು ಚೊಂಬನ್ನು ನನ್ನ ಕೈಗೆ ಕೊಟ್ಟಳು. “ನನ್ನ ಕೈ ನೀರು ಬ್ಯಾಡ ಅವಳಿಗೆ. ಬದುಕಿದ್ದಾಗಲೇ ಅಷ್ಟು ವರ್ಷ ಬಿಟ್ಟೀನಿ.”